ಟ್ಯಾಂಕಿನೊಳಗ ಇಳಿ ಅಂತಾರ, ಇಳೀಬೇಕಾ ಬ್ಯಾಡಾ?

ಮಾಂಜ್ರಾ ದಂಡಿ
ಎಲ್ಲರಿಗೂ ನಮಸ್ಕಾರ್ರಿ. ಬೀದರ್ ಜಿಲ್ಲಾದ ಒಂದು ಕೆಮಿಕಲ್ ಕಂಪನಿಯೊಳಗ ಗುತ್ತಿಗಿ ಮ್ಯಾಲ ಹೆಲ್ಪರ್ ಇದ್ದೀನಿ. ಕಂಪನಿ ಹೆಸರು ಬರಿಯಂಗಿಲ್ಲ, ಕೇಳಬ್ಯಾಡ್ರಿ. ನಮ್ಮ ಇಟಿಪಿ (ಕಂಪನಿ ಹೊಲಸ ನೀರು ಸ್ವಚ್ಛ ಮಾಡೋ ಘಟಕ) ಕಡೆ ನೆಲದಾಗ ಒಂದು ಕಲೆಕ್ಷನ್ ಟ್ಯಾಂಕ್ ಅದ. ಎರಡಾಳು ಆಳ, ಬಾಯಿ ಒಬ್ಬ ಮನುಷ್ಯಾ ತೂರೋವಷ್ಟು. ತಳದಾಗ ಕೆಸರು ಕುಂತು ಪಂಪ್ ಎಳಿವಲ್ದು. ಬರೋ ಐತಾರ ಪ್ಲಾಂಟ್ ಬಂದ್ ಇರ್ತದ, ನೀವು ಮೂರು ಮಂದಿ ಇಳದು ಬಳೀರಿ ಅಂತ ಠೇಕೇದಾರ ಹೇಳ್ಯಾನ. ಕೊಡೋದು ಏನು ಅಂದ್ರ ಬಟ್ಟಿ ಮಾಸ್ಕ್, ಗಮ್ ಬೂಟ್, ಒಂದು ಹಗ್ಗ.

ಮುಚ್ಚಳ ತೆಗದ ಕೂಡ್ಲೆ ಕೊಳತ ತತ್ತಿ ವಾಸನಿ ಬರ್ತದ. ಸ್ವಲ್ಪ ಹೊತ್ತು ಅಲ್ಲೇ ನಿಂತ್ರ ವಾಸನಿ ಗೊತ್ತಾಗಂಗಿಲ್ಲ. ವಾಸನಿ ಹೋತು ಅಂದ್ರ ಗ್ಯಾಸ್ ಹೋದಂಗ ಅಂತ ಸೂಪರ್‌ವೈಸರ್ ಅಂತಾನ. ಒಲ್ಲೆ ಅಂದ್ರ ಗೇಟ್ ಪಾಸ್ ಬಂದ್ ಮಾಡ್ತಾರ. ಮನ್ಯಾಗ ದುಡಿಯಾಂವ ನಾ ಒಬ್ಬನೇ. ತಿಳದವರು ಹೇಳ್ರಿ.

ಸೇಡಂ ಫಿಟರ್
ಇಳೀಬ್ಯಾಡ ತಮ್ಮಾ. ಮೊದಲ ಇದನ್ನ ಓದಿ, ಆಮ್ಯಾಗ ಉಳಿದದ್ದು ಓದು.

ಆ ತತ್ತಿ ವಾಸನಿ ಹೈಡ್ರೋಜನ್ ಸಲ್ಫೈಡ್‌ದು. ಸ್ವಲ್ಪ ಇದ್ದಾಗ ನಾತ ಹೊಡೀತದ. 100 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಾಗ ನೂರು ಭಾಗ) ಹತ್ರ ಹೋತು ಅಂದ್ರ ಮೂಗು ಸತ್ತು ಹೋಗ್ತದ, ವಾಸನಿನೇ ಬರಂಗಿಲ್ಲ. 500 ದಾಟಿದ್ರ ಸ್ವಲ್ಪ ಹೊತ್ತಿನಾಗ ಎಚ್ಚರ ತಪ್ತದ, ಸಾವಿರದ ಹತ್ರ ಹೋದ್ರ ಒಂದೆರಡು ಉಸಿರಿಗೆ ಕೆಡವ್ತದ. ಅಂದ್ರ ವಾಸನಿ ನಿಂತದ್ದು ನಿನ್ನ ಮೂಗು ಕೆಲಸ ನಿಲ್ಸಿದ್ದಕ್ಕೂ ಇರಬಹುದು. ಗಾಳಿಗಿಂತ ತೂಕ, ನೀರಿನ ಹಾಂಗ ತಳದಾಗ ನಿಂದಿರ್ತದ. ಬಟ್ಟಿ ಮಾಸ್ಕ್ ಧೂಳಿಗೆ, ಗ್ಯಾಸಿಗೆ ಅಲ್ಲ.

ಇನ್ನೊಂದು. ಇಂಥಾ ಕಡೆ ಒಬ್ಬ ಬಿದ್ರ ಅವನ್ನ ಎತ್ತಾಕ ಇನ್ನೊಬ್ಬ ಇಳೀತಾನ, ಅವನ್ನ ನೋಡಿ ಮೂರನೇದಾಂವ. ಕೆಲಸಗಾರರ ಸುರಕ್ಷತಾ ಬಗ್ಗೆ ಸಂಶೋಧನಾ ಮಾಡೋ ಅಮೆರಿಕದ ನಿಯೋಶ್ ಸಂಸ್ಥಾ 1986ರಾಗ ಹೇಳಿದ್ದು: ಇಂಥಾ ಜಾಗದಾಗ ಸತ್ತವರೊಳಗ 60% ಗಿಂತ ಜಾಸ್ತಿ ಉಳಸಾಕ ಹೋದವರೇ. ಮೂರು ಮಂದಿಗೆ ಇಳೀರಿ ಅಂದಾರ ಅಂದ್ಯಲ್ಲ, ಮ್ಯಾಲ ಯಾರು ನಿಂದಿರ್ತಾರ?

ಚಿಂಚೋಳಿ ಹುಡುಗ
ನೌಕರಿ ಹೋದ್ರ ಇನ್ನೊಂದು ಸಿಗ್ತದ ಅಣ್ಣಾ. ಇಳೀಬ್ಯಾಡ.

ಹಳ್ಳಿಖೇಡ
ಚಿಂಚೋಳಿ ಅಣ್ಣಾ, ಹೇಳೋದು ಸುಲಭ. ಈ ಕಡೆ ತಿಂಗಳ ಪಗಾರ ಸರಿಯಾಗಿ ಕೊಡೋ ಕೆಲಸ ಎಷ್ಟು ಅದಾವ ಹೇಳ್ರಿ.

ಒಂದು ಉಪಾಯ ಅದ. ನಮ್ಮೂರಾಗ ಬಾವಿ ಹೂಳು ತೆಗೆಯೋ ಮುಂದ ಹಗ್ಗಕ್ಕ ಕಂದೀಲು ಕಟ್ಟಿ ಇಳೀಬಿಡ್ತಿದ್ರು. ಉರಿ ಆರಿದ್ರ ಯಾರೂ ಇಳೀತಿರಲಿಲ್ಲ. ಅಜ್ಜನ ಕಾಲದ ಪರೀಕ್ಷಾ, ಖರ್ಚಿಲ್ಲ.

ಮೀಟರ್ ಮೇಸ್ತ್ರಿ
ದಯವಿಟ್ಟು ಈ ಸಲಹೆ ಯಾರೂ ಪಾಲಿಸಬೇಡಿ. ಕಂದೀಲು ಆರುವುದು ಆಮ್ಲಜನಕ 16–17%ಕ್ಕೆ ಇಳಿದಾಗ. ಮನುಷ್ಯ ಒಳಗೆ ಹೋಗಬೇಕಾದರೆ ಕನಿಷ್ಠ 19.5% ಇರಬೇಕು. ಹೈಡ್ರೋಜನ್ ಸಲ್ಫೈಡ್ ಕೊಲ್ಲುವಷ್ಟಿದ್ದರೂ ಕಂದೀಲು ಆರಾಮಾಗಿ ಉರಿಯುತ್ತದೆ, ಏಕೆಂದರೆ ಸಾವಿರ ಪಿಪಿಎಂ ಅಂದರೆ ಬರೀ 0.1%. ಕೆಮಿಕಲ್ ಕಂಪನಿಯ ಟ್ಯಾಂಕಿನಲ್ಲಿ ಸಾಲ್ವೆಂಟ್ (ಬೇಗ ಆವಿಯಾಗಿ ಹೊತ್ತಿಕೊಳ್ಳುವ ದ್ರಾವಕ) ಆವಿ ಇದ್ದರೆ ಅದೇ ಕಂದೀಲು ಬೆಂಕಿ ಹಚ್ಚುತ್ತದೆ. ಹಳೆಯ ಬಾವಿಗಳಲ್ಲಿ ಅದು ಎಷ್ಟೋ ಜನರನ್ನು ಉಳಿಸಿದ್ದು ನಿಜ. ಇಲ್ಲಿ ಅದು ಕೆಲಸಕ್ಕೆ ಬಾರದು.

ಬೇಕಾದದ್ದು ನಾಲ್ಕು ಗ್ಯಾಸ್ ಅಳೆಯುವ ಮೀಟರ್. ಆಮ್ಲಜನಕ, ಹೊತ್ತಿಕೊಳ್ಳುವ ಆವಿ, ಕಾರ್ಬನ್ ಮೊನಾಕ್ಸೈಡ್, ಹೈಡ್ರೋಜನ್ ಸಲ್ಫೈಡ್. ಮುಚ್ಚಳದ ಹತ್ತಿರ ಹಿಡಿದು 'ಎಲ್ಲಾ ಸರಿ' ಎನ್ನುವುದಲ್ಲ. ನಳಿಕೆ ಇಳಿಬಿಟ್ಟು ಮೇಲೆ, ನಡುವೆ, ತಳದಲ್ಲಿ ಮೂರೂ ಕಡೆ ನೋಡಬೇಕು. ನಳಿಕೆ ಉದ್ದವಿದ್ದಷ್ಟೂ ಗಾಳಿ ಮೀಟರ್ ಮುಟ್ಟಲು ಹೊತ್ತು ಬೇಕು, ಹಾಗಾಗಿ ಪ್ರತಿ ಮಟ್ಟದಲ್ಲಿ ಸ್ವಲ್ಪ ಕಾಯಬೇಕು. ಬಹಳ ಜನ ಈ ಕಾಯುವುದನ್ನೇ ಬಿಡುತ್ತಾರೆ.

ಹಳ್ಳಿಖೇಡ
ಸಾಲ್ವೆಂಟ್ ವಿಚಾರ ತಲ್ಯಾಗ ಬಂದಿರಲಿಲ್ರಿ. ತಿಳೀತು.

ಔರಾದ್ ವೆಲ್ಡರ್
ವೆಲ್ಡಿಂಗ್‌ದು ಆಕ್ಸಿಜನ್ ಸಿಲಿಂಡರ್ ಇರ್ತದಲ್ರಿ, ಪೈಪ್ ಹಾಕಿ ಒಳಗ ಬಿಟ್ರ ಉಸಿರಿಗೆ ಆಗಂಗಿಲ್ಲೇನು? ನಮ್ಮ ಕಡೆ ಒಬ್ಬರು ಮಾಡಿದ್ದು ನೋಡೀನಿ.

ಮೀಟರ್ ಮೇಸ್ತ್ರಿ
ಬೇಡವೇ ಬೇಡ. ಆಮ್ಲಜನಕ 23.5% ದಾಟಿದರೆ ಬಟ್ಟೆ, ಕೂದಲು, ಗ್ರೀಸ್ ಎಲ್ಲವೂ ಒಂದು ಕಿಡಿಗೆ ಭಗ್ ಎನ್ನುತ್ತವೆ. ಬಿಡಬೇಕಾದದ್ದು ಹೊರಗಿನ ಶುದ್ಧ ಗಾಳಿ, ಬ್ಲೋವರ್‌ನಿಂದ, ಹೋಸ್ ತಳ ಮುಟ್ಟುವಂತೆ. ಪ್ಲಾಂಟಿನ ಗಾಳಿ ಲೈನಿನಿಂದ ಹೋಸ್ ಎಳೆಯುವವರಿಗೂ ಒಂದು ಮಾತು. ಪಕ್ಕದಲ್ಲೇ ನೈಟ್ರೋಜನ್ ಲೈನ್ ಇರುತ್ತದೆ. ಎರಡಕ್ಕೂ ಒಂದೇ ಥರದ ಕಪ್ಲಿಂಗ್ ಇದ್ದರೆ ಅದಲು ಬದಲಾಗುತ್ತದೆ. ನೈಟ್ರೋಜನ್‌ಗೆ ವಾಸನೆ ಇಲ್ಲ, ಕೆಮ್ಮು ಬರಿಸುವುದಿಲ್ಲ. ಒಳಗಿರುವವನಿಗೆ ಏನೂ ಗೊತ್ತಾಗದೆ ಬೀಳುತ್ತಾನೆ.

ಗುರಮಠಕಲ್ ಕಡಿಯಾಂವ
ನಾನು ಪ್ರಾಸೆಸ್ ಸೇಫ್ಟಿ ಕೆಲಸದಲ್ಲಿದ್ದೇನೆ, ಈಗ ಬೆಂಗಳೂರಿನಲ್ಲಿ. ಇಲ್ಲಿಯವರೆಗೆ ಎಲ್ಲರೂ 'ಹೇಗೆ ಇಳಿಯಬೇಕು' ಎಂದು ಮಾತಾಡುತ್ತಿದ್ದೀರಿ. ಅದಕ್ಕೂ ಮೊದಲಿನ ಪ್ರಶ್ನೆ: ಇಳಿಯಲೇಬೇಕಾ? ಕೆಸರು ಎತ್ತಲು ಸಕ್ಕಿಂಗ್ ಮಷಿನ್ ಗಾಡಿ ಇದೆ. ಮೇಲಿನಿಂದ ನೀರಿನ ಜೆಟ್ ಹೊಡೆದು ಕೆಸರು ಸಡಿಲಿಸಿ ಎಳೆಯಬಹುದು. ಕೆಸರು ಕಲಕುವಾಗ ಗ್ಯಾಸ್ ಏಳುತ್ತದೆ, ಆದ್ದರಿಂದ ಜೆಟ್ ಹಿಡಿದವರೂ ಬಾಯಿಯ ಹತ್ತಿರ ನಿಲ್ಲದೆ ಗಾಳಿ ಬರುವ ಕಡೆಗೆ ಬೆನ್ನು ಕೊಟ್ಟು ದೂರ ನಿಲ್ಲಬೇಕು. ಮನುಷ್ಯನನ್ನು ಇಳಿಸುವುದು ಕೊನೆಯ ದಾರಿ. ನಮ್ಮಲ್ಲಿ ಕೂಲಿ ಸೋವಿ ಎಂಬ ಒಂದೇ ಕಾರಣಕ್ಕೆ ಅದು ಮೊದಲ ದಾರಿಯಾಗಿದೆ. ನನಗೆ ಸಿಟ್ಟು ಬರುವುದು ಅಲ್ಲಿ.

ಇಳಿಯಲೇಬೇಕು ಎಂದಾದರೆ ಒಳಗೆ ಬರುವ ಪ್ರತಿ ಪೈಪಿಗೂ ಬ್ಲೈಂಡ್ (ಪೈಪನ್ನು ಪೂರ್ತಿ ಮುಚ್ಚುವ ಲೋಹದ ತಟ್ಟೆ) ಹಾಕಬೇಕು. ವಾಲ್ವ್ ಮುಚ್ಚಿದ್ದೇವೆ ಎಂದರೆ ಸಾಲದು, ಹಳೆಯ ವಾಲ್ವ್ ಸೋರುತ್ತದೆ, ಅಥವಾ ಪ್ಲಾಂಟಿನ ಇನ್ನೊಂದು ತುದಿಯಲ್ಲಿ ಯಾರೋ ತೆರೆಯುತ್ತಾರೆ. ಆಸಿಡ್ ನೀರು ಸಲ್ಫೈಡ್ ಇರುವ ಕೆಸರಿಗೆ ಬಿದ್ದರೆ ಆ ಕ್ಷಣಕ್ಕೇ ಗ್ಯಾಸ್ ಹುಟ್ಟುತ್ತದೆ. ಬೆಳಿಗ್ಗೆ ಮೀಟರ್ ಸೊನ್ನೆ ತೋರಿಸಿದ್ದರೂ ಸಲಿಕೆ ಹಾಕಿದಾಗ ಏಳುತ್ತದೆ, ಹಾಗಾಗಿ ಮೀಟರ್ ಇಳಿದವನ ಎದೆಯ ಮೇಲೇ ಇರಬೇಕು, ಕೆಲಸ ಮುಗಿಯುವ ತನಕ. ಮೈಗೆ ಪೂರ್ತಿ ಹಾರ್ನೆಸ್, ಬಾಯಿಯ ಮೇಲೆ ಟ್ರೈಪಾಡ್ ಮತ್ತು ಕೈರಾಟೆ. ಬರೀ ಹಗ್ಗದಿಂದ ಎಚ್ಚರ ತಪ್ಪಿದ ಮನುಷ್ಯನನ್ನು ಎರಡಾಳು ಆಳದಿಂದ ಎತ್ತಲು ಆಗುವುದಿಲ್ಲ, ಬೇಕಾದರೆ ಗೋಧಿ ಚೀಲ ಕಟ್ಟಿ ಪ್ರಯತ್ನಿಸಿ ನೋಡಿ.

ತಮ್ಮಾ, ಆ ಟ್ಯಾಂಕಿಗೆ ಏನೇನು ಬಂದು ಬೀಳುತ್ತದೆ?

ಮಾಂಜ್ರಾ ದಂಡಿ
ಪೂರ್ತಿ ಗೊತ್ತಿಲ್ರಿ ಸರ್. ರಿಯಾಕ್ಟರ್ ತೊಳದ ನೀರು ಬರ್ತದ, ಅದರಾಗ ಸಾಲ್ವೆಂಟ್ ಇರ್ತದ ಅಂತ ಆಪರೇಟರ್ ಅಂತಾನ. ಡ್ರಮ್ಮಿನ ಮ್ಯಾಲಿನ ಚೀಟಿ ಎಲ್ಲಾ ಇಂಗ್ಲಿಷ್‌ನ್ಯಾಗ. ಗೋಡಿ ಮ್ಯಾಲಿನ ಬೋರ್ಡ್ ಹಿಂದಿ, ಇಂಗ್ಲಿಷ್. ನಾವು ಹೆಲ್ಪರ್ ಮಂದಿ ಅರ್ಧಕ್ಕರ್ಧ ಕನ್ನಡದವರು, ಉಳಿದವರು ಒಡಿಶಾ, ಬಿಹಾರದವರು. ಪರ್ಮಿಟ್ ಅಂತ ಒಂದು ಬುಕ್ ಅದ. ಅದರ ಮ್ಯಾಲ ಕೆಲಸ ಮುಗದ ಮ್ಯಾಲ ಸಹಿ ಮಾಡಸ್ಕೋತಾರ.

ಸೇಡಂ ಫಿಟರ್
ಕೆಲಸ ಮುಗದ ಮ್ಯಾಲ ಸಹಿ ಮಾಡಿದ್ರ ಅದು ಪರ್ಮಿಟ್ ಹ್ಯಾಂಗಾಗ್ತದ! ಪರ್ಮಿಟ್ ಅಂದ್ರ ಮೊದಲ ಜಾಗಕ್ಕ ಬಂದು, ನೋಡಿ, ಅಳದು, ಟೈಮ್ ಬರದು, ಸಹಿ ಮಾಡಿ ಕೊಡೋದು. ಸಿಮೆಂಟ್ ಪ್ಲಾಂಟಿನಾಗ ನಮ್ಮ ಪದ್ಧತಿ ಹೇಳ್ತೀನಿ. ಕೋಲ್ ಮಿಲ್ ಒಳಗ ಹೋಗಬೇಕಂದ್ರ ಶಟ್‌ಡೌನ್ ತಗೊಂಡು ಬ್ರೇಕರ್ ಎಳದು ನನ್ನ ಬೀಗ ನಾನೇ ಹಾಕ್ತೀನಿ, ಕೀಲಿ ನನ್ನ ಕಿಸೆದಾಗ. ಐದು ಮಂದಿ ಹೋದ್ರ ಐದು ಬೀಗ. ಕೊನೇದಾಂವ ಹೊರಗ ಬಂದು ತನ್ನ ಬೀಗ ತೆಗೆಯೋ ತನಕ ಮ್ಯಾನೇಜರ್ ಬಂದ್ರೂ ಮಿಲ್ ಚಾಲೂ ಆಗಂಗಿಲ್ಲ.

ಹೈಕೋರ್ಟ್ ಪೀಠದ ವಕೀಲ
ಕಾನೂನಿನ ಮಾತು ನಾನು ಹೇಳುತ್ತೇನೆ. 1948ರ ಫ್ಯಾಕ್ಟರೀಸ್ ಆ್ಯಕ್ಟ್‌ನ ಕಲಂ 36 ಇದೇ ಟ್ಯಾಂಕಿನ ಬಗ್ಗೆ ಇದ್ದದ್ದು. ಸಮರ್ಥ ವ್ಯಕ್ತಿಯೊಬ್ಬ ಸ್ವತಃ ಪರೀಕ್ಷೆ ಮಾಡಿ, ಒಳಗೆ ಅಪಾಯಕಾರಿ ಗ್ಯಾಸ್ ಇಲ್ಲ ಎಂದು ಬರಹದಲ್ಲಿ ಸರ್ಟಿಫಿಕೇಟ್ ಕೊಡಬೇಕಿತ್ತು. ಇಲ್ಲವಾದರೆ ಇಳಿಯುವವನಿಗೆ ಉಸಿರಾಟದ ಉಪಕರಣ ಮತ್ತು ಬೆಲ್ಟ್ ಕೊಟ್ಟು, ಬೆಲ್ಟಿನ ಹಗ್ಗದ ಇನ್ನೊಂದು ತುದಿಯನ್ನು ಹೊರಗೆ ನಿಂತ ಮನುಷ್ಯ ಹಿಡಿದಿರಬೇಕಿತ್ತು. ಕಲಂ 36ಎ ಪ್ರಕಾರ ಒಳಗೆ ಒಯ್ಯುವ ಕೈದೀಪ 24 ವೋಲ್ಟ್ ಮೀರುವಂತಿರಲಿಲ್ಲ. ಬೋರ್ಡುಗಳ ಬಗ್ಗೆ ಕಲಂ 108 ಇತ್ತು: ಇಂಗ್ಲಿಷ್ ಜೊತೆಗೆ ಹೆಚ್ಚಿನ ಕೆಲಸಗಾರರಿಗೆ ತಿಳಿಯುವ ಭಾಷೆಯಲ್ಲಿ. 1984ರ ಡಿಸೆಂಬರ್‌ನಲ್ಲಿ ಭೋಪಾಲ್ ಅನಿಲ ದುರಂತ ಆದ ಮೇಲೆ 1987ರ ತಿದ್ದುಪಡಿಯಲ್ಲಿ ಅಪಾಯಕಾರಿ ಪ್ರಕ್ರಿಯೆಗಳ ಅಧ್ಯಾಯವೇ ಸೇರಿತು. ಅಪಾಯ ಕಂಡರೆ ಎಚ್ಚರಿಸುವ ಹಕ್ಕು, ಕಲಂ 41ಎಚ್, ಅಲ್ಲಿಂದ ಬಂದದ್ದು.

ಕಲಬುರಗಿ ಎಚ್ಆರ್
ವಕೀಲರೇ, ಆ ಕಾಯ್ದೆ ಈಗ ಇಲ್ಲ. 2025ರ ನವೆಂಬರ್ 21ರಿಂದ ನಾಲ್ಕೂ ಕಾರ್ಮಿಕ ಸಂಹಿತೆಗಳು ಜಾರಿಯಾಗಿವೆ. ಹಳೇ ಕಲಂ ಹೇಳಿ ಹುಡುಗನ ದಾರಿ ತಪ್ಪಿಸಬೇಡಿ.

ಹೈಕೋರ್ಟ್ ಪೀಠದ ವಕೀಲ
ಅದಕ್ಕೇ 'ಇತ್ತು' ಎಂದು ಬರೆದೆ. ಹಳೆಯ ಕಾಯ್ದೆಯ ಅಡಿಯ ನಿಯಮಗಳು ಸಂಹಿತೆಗೆ ವಿರುದ್ಧವಿಲ್ಲದಷ್ಟು ಉಳಿಯುತ್ತವೆ, ರದ್ದತಿ ಕಲಮಿನಲ್ಲೇ ಆ ಮಾತಿದೆ. ಹೊಸ ಸುರಕ್ಷತಾ ಸಂಹಿತೆಯ ಕಲಂ 14 ನೋಡಿ. ಜೀವಕ್ಕೆ ತಕ್ಷಣದ ಅಪಾಯವಿದೆ ಎಂದು ಸಕಾರಣವಾಗಿ ಅನ್ನಿಸಿದರೆ ಕೆಲಸಗಾರ ಅದನ್ನು ಮಾಲೀಕರಿಗೆ ನೇರವಾಗಿ ಅಥವಾ ಸುರಕ್ಷತಾ ಸಮಿತಿಯ ಮೂಲಕ ತಿಳಿಸಬಹುದು, ಅದೇ ಹೊತ್ತಿಗೆ ಇನ್‌ಸ್ಪೆಕ್ಟರ್‌ಗೂ ತಿಳಿಸಬಹುದು. ಮಾಲೀಕರಿಗೆ ಹೌದು ಅನ್ನಿಸಿದರೆ ತಕ್ಷಣ ಸರಿಪಡಿಸಬೇಕು. ಒಪ್ಪದಿದ್ದರೆ ವಿಷಯ ಇನ್‌ಸ್ಪೆಕ್ಟರ್ ಮುಂದೆ ಹೋಗಬೇಕು, ತೀರ್ಮಾನ ಅವರದು.

ಕೆಲಸ ಬಿಟ್ಟು ಹೊರಗೆ ನಿಲ್ಲುವ ಹಕ್ಕು ಎಂದು ನೇರ ಮಾತಿನಲ್ಲಿ ಅಲ್ಲಿ ಬರೆದಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಬಾಯಿಮಾತಿನಲ್ಲಿ 'ಒಲ್ಲೆ' ಅಂದರೆ ಅದು ಶಿಸ್ತಿನ ವಿಷಯ ಆಗಿಬಿಡುತ್ತದೆ. ಬರೆದು ಕೊಟ್ಟರೆ ಸುರಕ್ಷತೆಯ ವಿಷಯ ಆಗುತ್ತದೆ.

ಕಲಬುರಗಿ ಎಚ್ಆರ್
ಇದು ಸರಿಯಾದ ಮಾತು. ಒಪ್ಪುತ್ತೇನೆ.

ಹಳ್ಳಿಖೇಡ
ಇಂಥಾ ಟ್ಯಾಂಕಿನಾಗ ಸತ್ರ ಸುಪ್ರೀಂ ಕೋರ್ಟ್ 30 ಲಕ್ಷ ಕೊಡಬೇಕು ಅಂದದಲ್ರಿ?

ಹೈಕೋರ್ಟ್ ಪೀಠದ ವಕೀಲ
ಅದು ಒಳಚರಂಡಿ ಸಾವುಗಳಿಗೆ. 2014ರಲ್ಲಿ 10 ಲಕ್ಷ ಎಂದಿತ್ತು, 2023ರ ಅಕ್ಟೋಬರ್ 20ರ ತೀರ್ಪಿನಲ್ಲಿ 30 ಲಕ್ಷ ಆಯಿತು. ಕಾರ್ಖಾನೆಯ ಇಟಿಪಿಗೆ ಅದನ್ನು ಹಾಗೇ ಎತ್ತಿ ಹಚ್ಚಲು ಬರುವುದಿಲ್ಲ. ಇಲ್ಲಿ ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಇದ್ದರೆ ಅವಲಂಬಿತರಿಗೆ ಕೂಲಿಯ 90% ಲೆಕ್ಕದಲ್ಲಿ ಪಿಂಚಣಿ. ಕರ್ತವ್ಯಲೋಪದಿಂದ ಸಾವಾದರೆ ಸಂಹಿತೆಯ ಕಲಂ 103ರಲ್ಲಿ 2 ವರ್ಷದವರೆಗೆ ಸೆರೆ ಅಥವಾ ಕನಿಷ್ಠ 5 ಲಕ್ಷ ದಂಡ ಅಥವಾ ಎರಡೂ. ಆ ದಂಡದಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಷ್ಟನ್ನು ವಾರಸುದಾರರಿಗೆ ಕೊಡಿಸಲು ಕೋರ್ಟಿಗೆ ಅಧಿಕಾರವಿದೆ. ಹಳೇ ಕಾಯ್ದೆಯ 96ಎ ಅಡಿ ಅಪಾಯಕಾರಿ ಪ್ರಕ್ರಿಯೆಯ ಉಲ್ಲಂಘನೆಗೆ 7 ವರ್ಷದವರೆಗೆ ಸೆರೆ ಇತ್ತು. ಶಿಕ್ಷೆ ಸಡಿಲವಾಗಿದೆ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ, ಸಭೆಗಳಲ್ಲೂ ಹೇಳಿದ್ದೇನೆ.

ದಾಲ್ ಮಿಲ್ ಕಪನೂರ
ನಾನು ಮಾಲೀಕರ ಕಡೆಯಿಂದ ಮಾತಾಡ್ತೀನಿ, ಬೈಬ್ಯಾಡ್ರಿ. ಎಲ್ಲರೂ ಹುಡುಗರ ಜೀವದ ಜೋಡಿ ಆಟ ಆಡೋರಲ್ಲ. ತೊಗರಿ ರೇಟು ಒಂದು ವರ್ಷ ಏರಿದ್ರ ಮರುವರ್ಷ ಇಳೀತದ, ಕರೆಂಟ್ ಬಿಲ್, ಬ್ಯಾಂಕ್ ಬಡ್ಡಿ. ಸಣ್ಣ ಘಟಕದಾಂವ ಮೀಟರ್, ಟ್ರೈಪಾಡ್, ಬ್ಲೋವರ್ ಎಲ್ಲಾ ಎಲ್ಲಿಂದ ತರಬೇಕು? ವರ್ಷಕ್ಕ ಒಂದು ಸಲ ಬೇಕಾಗೋದು.

ಮೀಟರ್ ಮೇಸ್ತ್ರಿ
ವರ್ಷಕ್ಕೊಮ್ಮೆ ಬೇಕಾಗುವುದನ್ನು ಬಾಡಿಗೆಗೆ ತರಬಹುದು ಅಣ್ಣಾರೆ, ಹೈದರಾಬಾದಿನಲ್ಲಿ ಸಿಗುತ್ತದೆ. ಒಂದು ಕೈಗಾರಿಕಾ ಪ್ರದೇಶದ ಹತ್ತು ಘಟಕ ಸೇರಿ ಒಂದು ಸೆಟ್ ಕೊಂಡರೂ ಆಗುತ್ತದೆ.

ಸೇಡಂ ಫಿಟರ್
ಕಪನೂರ ಸಾಹುಕಾರ್ರೆ, ನಿಮ್ಮ ಮಿಲ್ಲಿನಾಗೂ ಇದೇ ಅಪಾಯ ಅದ. ಎಲಿವೇಟರ್ ಬುಡದ ಕುಣಿ ಸ್ವಚ್ಛ ಮಾಡಾಕ ಹುಡುಗನ್ನ ಇಳಸ್ತೀರಿ, ಮ್ಯಾಲ ಯಾರೋ ಸ್ವಿಚ್ ಹಾಕ್ತಾರ. ಚುನ್ನಿ ಧೂಳು ಗೋಡಿ ಮ್ಯಾಲ, ತೊಲಿ ಮ್ಯಾಲ ಬೆರಳದಪ್ಪ ಕುಂತಿರ್ತದ. ಧೂಳು ಗಾಳ್ಯಾಗ ಎದ್ದಾಗ ಬೇರಿಂಗ್ ಕಾದು ಕಿಡಿ ಬಿತ್ತು ಅಂದ್ರ ಮೊದಲ ಸಣ್ಣಗ ಸಿಡೀತದ. ಆ ಹೊಡತಕ್ಕ ತೊಲಿ ಮ್ಯಾಲಿನ ಧೂಳೆಲ್ಲಾ ಉದುರಿ ಎರಡನೇದು ದೊಡ್ಡದಾಗಿ ಸಿಡೀತದ. 2008ರ ಫೆಬ್ರುವರಿಯೊಳಗ ಅಮೆರಿಕದ ಜಾರ್ಜಿಯಾದಾಗ ಇಂಪೀರಿಯಲ್ ಶುಗರ್ ಅನ್ನೋ ಸಕ್ಕರಿ ಕಾರ್ಖಾನ್ಯಾಗ ಹಿಂಗೇ ಆಗಿ 14 ಮಂದಿ ಸತ್ರು. ಬರೇ ಸಕ್ಕರಿ ಪುಡಿ!

ದೂರ ಯಾಕ, ಬೀದರ್‌ನಿಂದ ಹೈದರಾಬಾದಿಗೆ ಹೋಗೋ ದಾರಿ ಕಡೆ ಪಾಶಮೈಲಾರಂ ಅದ. 2025ರ ಜೂನ್ 30ಕ್ಕ ಸಿಗಾಚಿ ಕಾರ್ಖಾನ್ಯಾಗ ಪುಡಿ ಒಣಗಸೋ ಡ್ರೈಯರ್ ಕಡೆ ಸ್ಫೋಟ ಆಗಿ 40ಕ್ಕೂ ಹೆಚ್ಚು ಮಂದಿ ಹೋದ್ರು. ಭಾಳ ಮಂದಿ ಬ್ಯಾರೆ ರಾಜ್ಯದಿಂದ ದುಡಿಯಾಕ ಬಂದವರು.

ದಾಲ್ ಮಿಲ್ ಕಪನೂರ
ಧೂಳಿನ ಮಾತು ಖರೆ ಅದ. ತೊಲಿ ಮ್ಯಾಲಿಂದು ಹೊಡಸೋ ವ್ಯವಸ್ಥಾ ಮಾಡಸ್ತೀನಿ. ಕಂಪ್ರೆಸರ್ ಗಾಳಿ ಹೊಡದು ತೆಗಿಸಿದ್ರ ನಡೀತದೇನು?

ಸೇಡಂ ಫಿಟರ್
ಗಾಳಿ ಹೊಡಿಯಬ್ಯಾಡ್ರಿ, ಧೂಳು ಏಳ್ತದ, ಅದೇ ಬ್ಯಾಡ ಅನ್ನೋದು. ಮೊದಲ ಮಷಿನ್ ಬಂದ್ ಮಾಡಿ ಮೆತ್ತಗ ಗುಡಿಸಿ, ಇಲ್ಲಾ ಧೂಳಿಗೇ ಅಂತ ಮಾಡಿದ ವ್ಯಾಕ್ಯೂಮ್ ತರ್ರಿ.

ಕಡೇಚೂರ ಸೀಮಿ ರೈತ
ನೀವೆಲ್ಲಾ ಒಳಗಿನ ಮಂದಿ ಮಾತಾಡಾಕ್ಹತ್ತೀರಿ. ಹೊರಗಿನವರದು ಯಾರು ಕೇಳ್ತಾರ? ಕಡೇಚೂರು-ಬಾಡಿಯಾಳ ಕೈಗಾರಿಕಾ ಪ್ರದೇಶಕ್ಕ ನಮ್ಮ ಕಡಿ ಭೂಮಿ ಹೋದ್ವು. ರೈಲ್ವೆ ಬೋಗಿ ಕಾರ್ಖಾನಿ ಬಂತು, ಚಲೋ ಆತು. ಔಷಧ, ಕೆಮಿಕಲ್ ಕಂಪನಿ ಬಂದ ಮ್ಯಾಲ ರಾತ್ರಿ ಗಾಳಿ ನಿಂತಾಗ ಮನಿ ಕಿಡಕಿ ತೆರಿಯಂಗಿಲ್ಲ, ಕಣ್ಣು ಉರೀತಾವ. ನನ್ನ ಪ್ರಶ್ನೆ ಒಂದೇ. ಒಂದು ರಾತ್ರಿ ಸೈರನ್ ಆದ್ರ ನಮ್ಮ ಊರ ಮಂದಿ ಯಾವ ಕಡಿ ಓಡಬೇಕು? ಇವತ್ತಿನ ತನಕ ಯಾರೂ ಬಂದು ಹೇಳಿಲ್ಲ.

ಗುರಮಠಕಲ್ ಕಡಿಯಾಂವ
ಕಾಕಾ, ಈ ಚರ್ಚೆಯಲ್ಲಿ ಬಂದ ದೊಡ್ಡ ಪ್ರಶ್ನೆ ಇದು. ಕೇಳುವ ಹಕ್ಕು ನಿಮಗೆ ಪೂರಾ ಇದೆ.

1989ರ ಅಪಾಯಕಾರಿ ರಾಸಾಯನಿಕಗಳ ನಿಯಮಗಳ ಪ್ರಕಾರ, ನಿಗದಿತ ಪ್ರಮಾಣಕ್ಕಿಂತ ಹೆಚ್ಚು ರಾಸಾಯನಿಕ ಇಟ್ಟುಕೊಂಡ ಕಾರ್ಖಾನೆ ಒಳಗಿನ ತುರ್ತು ಯೋಜನೆ ಮಾಡಬೇಕು, ಆರು ತಿಂಗಳಿಗೊಮ್ಮೆ ಅಣಕು ಕಾರ್ಯಾಚರಣೆ ಮಾಡಬೇಕು. ಬೇಲಿಯ ಹೊರಗಿನ ಯೋಜನೆ ಜಿಲ್ಲಾಡಳಿತದ ಹೊಣೆ, ಅದರ ಅಣಕು ವರ್ಷಕ್ಕೆ ಒಂದಾದರೂ ಆಗಬೇಕು. ಪ್ರಮಾಣ ಅಂದರೆ, ಕ್ಲೋರಿನ್‌ಗೆ 10 ಟನ್‌ನಿಂದ, ಅಮೋನಿಯಾಗೆ 60 ಟನ್‌ನಿಂದ ನಿಯಮಗಳು ಹಿಡಿಯಲು ಶುರುವಾಗುತ್ತವೆ, ಮೇಲಿನ ಮಿತಿ ದಾಟಿದರೆ ಇನ್ನಷ್ಟು ಬಿಗಿ. 1996ರ ನಿಯಮಗಳಲ್ಲಿ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ಬಿಕ್ಕಟ್ಟು ನಿರ್ವಹಣಾ ಗುಂಪು 45 ದಿನಕ್ಕೊಮ್ಮೆ ಸೇರಬೇಕು ಎಂದಿದೆ, ಕೈಗಾರಿಕಾ ಪ್ರದೇಶದ ಸ್ಥಳೀಯ ಗುಂಪು ತಿಂಗಳಿಗೊಮ್ಮೆ. ಸುತ್ತಲಿನ ಜನಕ್ಕೆ ಮಾಹಿತಿ ಕೊಡುವುದೂ ಅದರದ್ದೇ ಕೆಲಸ. ಆ ಸಭೆಗಳ ನಡಾವಳಿ, ನಿಮ್ಮ ಪ್ರದೇಶದ ಹೊರಗಿನ ತುರ್ತು ಯೋಜನೆಯ ಪ್ರತಿ, ಕಳೆದ ಅಣಕಿನ ದಿನಾಂಕ. ಈ ಮೂರನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ. ಅರ್ಜಿ ಬರೆಯಲು ನಾನು ಸಹಾಯ ಮಾಡುತ್ತೇನೆ.

ಓಡುವ ದಿಕ್ಕು: ಗಾಳಿ ಬೀಸುವ ದಿಕ್ಕಿಗೆ ಅಡ್ಡಲಾಗಿ. ಗಾಳಿಯ ಜೊತೆಗೆ ಓಡಿದರೆ ಗ್ಯಾಸೂ ಜೊತೆಗೇ ಬರುತ್ತದೆ. ತೂಕದ ಗ್ಯಾಸ್ ಆದರೆ ಹಳ್ಳ, ತಗ್ಗು ಬಿಟ್ಟು ದಿಬ್ಬಕ್ಕೆ. ಭೋಪಾಲ್‌ನಲ್ಲಿ ಜನಕ್ಕೆ ಇಷ್ಟು ಸಣ್ಣ ಮಾತನ್ನೂ ಯಾರೂ ಮೊದಲೇ ಹೇಳಿರಲಿಲ್ಲ. ಅಲ್ಲಿ ಟ್ಯಾಂಕ್ ತಣ್ಣಗಿಡುವ ಯಂತ್ರ ತಿಂಗಳುಗಳಿಂದ ಬಂದ್ ಇತ್ತು, ಹೊರಬಂದ ಗ್ಯಾಸ್ ಸುಟ್ಟುಬಿಡುವ ಫ್ಲೇರ್ ಟವರಿನ ಪೈಪ್ ಬಿಚ್ಚಿ ಇಟ್ಟಿದ್ದರು.

ಕಡೇಚೂರ ಸೀಮಿ ರೈತ
ಗ್ರಾಮ ಪಂಚಾಯ್ತಿ ಠರಾವು ಮಾಡಿ ಕೇಳಿದ್ರ ತೂಕ ಬರ್ತದೇನ್ರಿ, ಇಲ್ಲಾ ನಾವೇ ಹಾಕಬೇಕಾ?

ಗುರಮಠಕಲ್ ಕಡಿಯಾಂವ
ಎರಡೂ ಮಾಡಿ ಕಾಕಾ. ಮಾಹಿತಿ ಹಕ್ಕಿನ ಅರ್ಜಿ ಒಬ್ಬ ನಾಗರಿಕನ ಹೆಸರಲ್ಲೇ ಇರಲಿ, ಠರಾವು ಜಿಲ್ಲಾಧಿಕಾರಿಗೆ ಬೇರೆಯಾಗಿ ಹೋಗಲಿ.

ಶಹಾಪುರ
ಸ್ಥಳೀಯರಿಗೆ ಕೆಲಸ ಕೊಟ್ಟಿದ್ರ ಇಷ್ಟು ಅನ್ಯಾಯ ಆಗ್ತಿರಲಿಲ್ಲ. ಹೊರಗಿನವರು ಬಾಯಿ ಬಿಡಂಗಿಲ್ಲ ಅಂತ ಅವರನ್ನೇ ತರ್ತಾರ.

ಮಾಂಜ್ರಾ ದಂಡಿ
ಅವರ ಮ್ಯಾಲ ಸಿಟ್ಟು ಬ್ಯಾಡ್ರಿ. ನನ್ನ ಜೋಡಿ ಇಳೀಬೇಕಾದವರೊಳಗ ಒಬ್ಬ ಒಡಿಶಾದಾಂವ. ಅವನಿಗೆ ನಿಮ್ಮ ಮಾತೆಲ್ಲಾ ಹಿಂದಿಯೊಳಗ ಹೇಳಿದೆ. ಅವನೂ ಒಲ್ಲೆ ಅಂದ.

ಬ್ರಿಮ್ಸ್ ರಸ್ತಿ ಸಿಸ್ಟರ್
ನಾನು ತುರ್ತು ವಿಭಾಗದಾಗ ಕೆಲಸ ಮಾಡಾಕಿ. ಇಂಥಾ ಕೇಸು ಬಂದಾಗ ನಮಗ ಮೊದಲ ಬೇಕಾಗೋದು ಏನು ತಗಲ್ಯದ ಅನ್ನೋದು. ಕರಕೊಂಡು ಬಂದವರಿಗೆ ಗೊತ್ತೇ ಇರಂಗಿಲ್ಲ, 'ಗ್ಯಾಸ್ ಬಡದದ' ಅಂತಾರ ಅಷ್ಟೇ. ಆ ಕೆಮಿಕಲ್‌ನ ಸುರಕ್ಷತಾ ಹಾಳಿಯದೊಂದು ಫೋಟೋ ಮೊಬೈಲ್‌ನ್ಯಾಗ ಇಟ್ಕೊಳ್ರಿ. ಬಿದ್ದವನನ್ನ ಹೊರಗ ತಂದ ಮ್ಯಾಲ ಬಾಯಿಗೆ ಬಾಯಿ ಹಚ್ಚಿ ಉಸಿರು ಕೊಡಬ್ಯಾಡ್ರಿ, ಅವನ ಉಸಿರು, ಬಟ್ಟಿಯಿಂದ ನಿಮಗೂ ತಗಲಬಹುದು. ಬಟ್ಟಿ ತೆಗದು ಗಾಳಿಗೆ ಹಾಕಿ, ಉಸಿರು ನಿಂತಿದ್ರ ಎದಿ ಒತ್ತೋದು ಶುರು ಮಾಡ್ರಿ, 108ಕ್ಕ ಫೋನ್ ಹಚ್ರಿ. ಎದ್ದು ಕುಂತು 'ಆರಾಮ ಇದ್ದೀನಿ' ಅಂದ್ರೂ ಮನಿಗೆ ಕಳಸಬ್ಯಾಡ್ರಿ. ಪುಪ್ಪುಸದಾಗ ನೀರು ತುಂಬೋದು ತಾಸುಗಟ್ಟಲೆ ತಡ ಆಗಿ ಆಗ್ತದ.

ಮಾಂಜ್ರಾ ದಂಡಿ
ಎಲ್ಲರಿಗೂ ಶರಣ್ರಿ. ಇವತ್ತ ಶಿಫ್ಟ್ ಮುಗದ ಮ್ಯಾಲ ಪ್ಲಾಂಟ್ ಇನ್‌ಚಾರ್ಜ್ ಹತ್ರ ಹೋಗಿ ಸಕ್ಕಿಂಗ್ ಗಾಡಿ ತರಸ್ರಿ ಅಂತ ಕೇಳಿದ್ವಿ. ಠೇಕೇದಾರ ಒದರ್ಯಾಡಿದ. ಇನ್‌ಚಾರ್ಜ್ 'ನೋಡೂಣ' ಅಂದ್ರು. ನಮಗ ಕಂಪನ್ಯಾಗ ಸೇಫ್ಟಿ ಆಫೀಸರ್ ಇಲ್ಲ, ಇನ್ನೂರಕ್ಕಿಂತ ಕಮ್ಮಿ ಮಂದಿ ಇದ್ದೀವಿ. ಬರದು ಕೊಡೋದು ಯಾರಿಗೆ?

ಕಲಬುರಗಿ ಎಚ್ಆರ್
ಅಪಾಯಕಾರಿ ಪ್ರಕ್ರಿಯೆ ಇರುವ ಕಾರ್ಖಾನೆಗೆ ಸೇಫ್ಟಿ ಆಫೀಸರ್ ಕಡ್ಡಾಯ ಆಗುವುದು 250 ಜನರಿಂದ, ಬೇರೆ ಕಾರ್ಖಾನೆಗೆ 500ರಿಂದ. ಹಿಂದೆ 1000 ಇತ್ತು. ಆಫೀಸರ್ ಇಲ್ಲ ಎಂದಮಾತ್ರಕ್ಕೆ ಮಾಲೀಕರ ಹೊಣೆ ಹೋಗುವುದಿಲ್ಲ. ಫ್ಯಾಕ್ಟರಿ ಮ್ಯಾನೇಜರ್ ಹೆಸರಿಗೇ ಕೊಡಿ. ಠೇಕೇದಾರನಿಗೆ ಮಾತ್ರ ಕೊಟ್ಟರೆ ಅದು ಅಲ್ಲೇ ಉಳಿಯುತ್ತದೆ.

ಹೈಕೋರ್ಟ್ ಪೀಠದ ವಕೀಲ
ಒಂದು ಹಾಳೆ ಸಾಕು. ಯಾವ ಟ್ಯಾಂಕ್, ಯಾವ ದಿನ ಇಳಿಯಲು ಹೇಳಿದ್ದಾರೆ, ಗ್ಯಾಸ್ ಪರೀಕ್ಷೆ ಆಗಿಲ್ಲ, ಉಸಿರಾಟದ ಉಪಕರಣ ಕೊಟ್ಟಿಲ್ಲ, ಇವು ಆದ ಮೇಲೆ ಕೆಲಸಕ್ಕೆ ಸಿದ್ಧ ಎಂದು ಬರೆಯಿರಿ. ಈ ಕೊನೆಯ ಮಾತು ಮರೆಯಬೇಡಿ, ಕೆಲಸ ತಪ್ಪಿಸಿಕೊಂಡರು ಎನ್ನಲು ಬರುವುದಿಲ್ಲ. ಮೂವರೂ ಸಹಿ ಮಾಡಿ. ಒಂದು ಪ್ರತಿ ಕಾರ್ಖಾನೆಗಳು ಮತ್ತು ಬಾಯ್ಲರುಗಳ ಇಲಾಖೆಗೆ ಸ್ಪೀಡ್ ಪೋಸ್ಟ್‌ನಲ್ಲಿ, ಶನಿವಾರಕ್ಕೆ ಮೊದಲೇ.

ಮಾಂಜ್ರಾ ದಂಡಿ
ಮ್ಯಾನೇಜರ್ ತಗೋಳಂಗಿಲ್ಲ ಅಂದ್ರ?

ಹೈಕೋರ್ಟ್ ಪೀಠದ ವಕೀಲ
ಅದನ್ನೂ ಪೋಸ್ಟ್‌ನಲ್ಲೇ ಕಳಿಸಿ, ಆಫೀಸ್ ಇಮೇಲ್‌ಗೂ ಹಾಕಿ. ರಸೀದಿ ಜೋಪಾನ.

ಮೀಟರ್ ಮೇಸ್ತ್ರಿ
ಐತಾರ ಮೀಟರ್ ತಂದರು ಅಂತಿಟ್ಟುಕೊಳ್ಳಿ. ಹಿಂದೆ ಅಂಟಿಸಿದ ಕ್ಯಾಲಿಬ್ರೇಷನ್ ಚೀಟಿಯ ದಿನಾಂಕ ನೋಡಿ, ಪರೀಕ್ಷಾ ಗ್ಯಾಸ್ ಹಿಡಿದು ಅಲಾರಂ ಹೊಡೆಯುತ್ತಾ ಅಂತ ನಿಮ್ಮ ಮುಂದೆಯೇ ತೋರಿಸಲು ಹೇಳಿ. ಸೆನ್ಸರ್ ಸತ್ತ ಮೀಟರ್ ಕೂಡ ಸೊನ್ನೆಯನ್ನೇ ತೋರಿಸುತ್ತದೆ.